ಯಾರೂ ನಿಲ್ಲದ ಗೇಟು

ಸೋಮವಾರ. ಶಿವರಾತ್ರಿಯ ಮರುದಿನದ ಅಮಾವಾಸ್ಯೆ. ಬೆಳಿಗ್ಗೆ ಆರು ಗಂಟೆ. ಹಾಜರಿದ್ದವರು: ಗೇಟ್‌ಮನ್ ಆಗಿ ನಾನು, ರಾತ್ರಿ ಪಾಳಿ ಮುಗಿಸಿ ಚಾರ್ಜು ಕೊಟ್ಟ ನನ್ನ ಜೋಡಿದಾರ, ಮತ್ತು ಬೇವಿನ ಮರದ ಕೆಳಗೆ ಎರಡು ಚೀಲ ಸವತಿಕಾಯಿ ಇಟ್ಟುಕೊಂಡು ಕುಳಿತ ನನ್ನ ತಂಗಿ.

ತಂಗಿಯ ಹಾಜರಿಯನ್ನು ಗೇಟಿನ ಡೈರಿಯಲ್ಲಿ ಬರೆಯುವಂತಿರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತು ವರ್ಷಗಳಲ್ಲಿ ಆ ಗೇಟಿಗೆ ಅವಳಷ್ಟು ತಪ್ಪದೆ ಬಂದವರು ಇನ್ನೊಬ್ಬರಿಲ್ಲ. ನನಗೆ ವಾರಕ್ಕೊಂದು ರಜೆ ಇತ್ತು, ಅವಳಿಗೆ ಅದೂ ಇರಲಿಲ್ಲ.

ಜೋಡಿದಾರ ಬಾವುಟ, ಲಾಟೀನು, ಬೀಗದ ಕೈ ಎಣಿಸಿ ಕೊಟ್ಟ. ನಾನು ಎಣಿಸಿ ತೆಗೆದುಕೊಂಡೆ, ಸಹಿ ಮಾಡಿದೆ. ಅಂದು ಸಂಜೆ ಆರಕ್ಕೆ ಆ ಗೇಟನ್ನು ಕಾಯಮ್ಮಾಗಿ ಮುಚ್ಚುವುದಿತ್ತು. ನೂರು ಹೆಜ್ಜೆ ಆಚೆ, ಹಳಿಯ ಕೆಳಗಿಂದ ಗಾಡಿ ಹಾಯುವ ಹೊಸ ಸೇತುವೆ ಸಿದ್ಧವಾಗಿತ್ತು. ಸಂಜೆ ಐದಕ್ಕೆ ಅದರ ಉದ್ಘಾಟನೆ ಎಂದು ನಮ್ಮ ರೈಲ್ವೆ ಸಾಹೇಬರು ಹಿಂದಿನ ದಿನ ಹೇಳಿದ್ದರು. ಆ ಮಾತು ಕೇಳಿಯೇ ತಂಗಿ ಒಂದರ ಬದಲು ಎರಡು ಚೀಲ ತಂದಿದ್ದಳು.

"ಎರಡ್ ಚೀಲ ಯಾಕ ತಂದಿ?" ಎಂದೆ.

"ಅಮಾಸಿ ಅದ. ಮ್ಯಾಲ ಇವತ್ತೇ ಕಡೀ ದಿನ. ಒಂದ್ ಹಗಲಿನಾಗ ಒಂದ್ ತಿಂಗಳಿಂದು ಮಾರ್ಕೋತೀನಿ. ಆಮ್ಯಾಗ ಏನರ ವಿಚಾರ ಮಾಡಾಕ ಒಂದ್ ತಿಂಗಳರ ಸಿಗ್ತದ."

ಲೆಕ್ಕ ಸರಿಯಾಗಿತ್ತು. ನಮ್ಮ ಗೇಟು ಇದ್ದದ್ದು ಯಾದಗಿರಿಯ ಹೊರಗೆ, ಊರೊಳಗಿನ ಸಂದಣಿ ತಪ್ಪಿಸುವ ಅಡ್ಡರಸ್ತೆಯ ಮೇಲೆ. ಅಮಾವಾಸ್ಯೆ ಬಂತೆಂದರೆ ಅಬ್ಬೆತುಮಕೂರಿನ ಮಠಕ್ಕೆ ಹೋಗುವವರು ಶಹಾಪುರ, ಸುರಪುರ, ಕಕ್ಕೇರಾ ಕಡೆಯಿಂದ ಜೀಪು, ಟಂಟಂ, ಟ್ರ್ಯಾಕ್ಟರುಗಳಲ್ಲಿ ತುಂಬಿಕೊಂಡು ಬಂದು ಇದೇ ರಸ್ತೆ ಹಿಡಿಯುತ್ತಿದ್ದರು. ಹಳಿಯ ಎರಡೂ ಕಡೆ ಸಾಲು ನಿಲ್ಲುತ್ತಿತ್ತು. ಆ ಸಾಲೇ ನನ್ನ ತಂಗಿಯ ಹೊಲ.

ಗೇಟಿನ ಕೆಲಸ ಹೀಗೆ. ಸ್ಟೇಷನ್ನಿನಿಂದ ಫೋನು ಬರುತ್ತದೆ. ಅವರು ರೈಲು ಹೊರಡುವ ಸಂಗತಿ ಹೇಳುತ್ತಾರೆ. ನಾನು ಹ್ಯಾಂಡಲ್ ತಿರುಗಿಸಿ ಗೇಟು ಇಳಿಸಿ, ಬೀಗ ಹಾಕಿ, ನನ್ನ ಹಾಳೆಯ ಮೇಲಿನ ಗುಟ್ಟಿನ ನಂಬರು ಅವರಿಗೆ ಹೇಳುತ್ತೇನೆ. ನಂಬರು ಕೊಟ್ಟೆನೆಂದರೆ ಗೇಟು ಬಿದ್ದಿದೆ ಎಂದು ನಾನು ಮಾತು ಕೊಟ್ಟ ಹಾಗೆ. ಆಮೇಲೆ ಹಸಿರು ಬಾವುಟ ಹಿಡಿದು ನಿಲ್ಲುತ್ತೇನೆ. ಕೊನೆಯ ಡಬ್ಬಿಯ ಹಿಂದಿನ ಗುರುತು ಕಣ್ಣಿಗೆ ಬಿದ್ದ ಮೇಲೆ ಗೇಟು ಎತ್ತುತ್ತೇನೆ. ಇಷ್ಟೇ. ಇದರಲ್ಲಿ ಒಂದನ್ನು ಮುಂದೆ, ಒಂದನ್ನು ಹಿಂದೆ ಮಾಡಿದರೆ ಜೀವ ಹೋಗುತ್ತದೆ.

ಗೇಟು ಬೀಳುವುದಕ್ಕೂ ರೈಲು ಹೋಗುವುದಕ್ಕೂ ನಡುವೆ ಉಳಿಯುವ ಆ ಏಳೆಂಟು ನಿಮಿಷ ನನಗೆ ಬರೀ ನಿಲ್ಲುವ ಹೊತ್ತು. ತಂಗಿಗೆ ಅದೇ ಪೇಟೆ. ಓಡುವ ಗಾಡಿಯಲ್ಲಿ ಕುಳಿತವನಿಗೆ ಸವತಿಕಾಯಿ ನೆನಪಾಗುವುದಿಲ್ಲ. ಗಾಡಿ ನಿಂತು, ಎಂಜಿನ್ ಆಫ್ ಆಗಿ, ಬಿಸಿಲು ತಗಡಿನ ಮೇಲೆ ಕಾಯತೊಡಗಿದಾಗ ನೆನಪಾಗುತ್ತದೆ. ಅದೇ ಕಾಯಿ ಅರ್ಧ ಹರದಾರಿ ಆಚೆ ಅವಳ ಊರಿನ ಅಗಸಿ ಬಾಗಿಲಲ್ಲಿ ಇಟ್ಟರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಕಾಯಿಯ ಬೆಲೆ ಬಳ್ಳಿಯಲ್ಲಿ ಇಲ್ಲ, ನಿಂತವನ ಗಂಟಲಲ್ಲಿ ಇದೆ ಎಂಬುದನ್ನು ನಾನು ಕಲಿತದ್ದು ಅವಳ ಬುಟ್ಟಿ ನೋಡಿ.

ಸದ್ದಿನ ಮೇಲೆ ರೈಲು ಯಾವುದೆಂದು ಹೇಳುತ್ತಿದ್ದಳು. "ಎಕ್ಸ್‌ಪ್ರೆಸ್ ಇದ್ರ ಇಡೀ ಕಾಯಿ ಕೈಯಾಗ ಇಡ್ತೀನಿ. ಗೂಡ್ಸ್ ಇದ್ರ ಸೀಳಿ ಉಪ್ಪುಖಾರ ಹಚ್ಚಿ ಕೊಡ್ತೀನಿ. ಎರಡು ಕಡೀಲಿಂದ ಎರಡು ಬಂದ್ವು ಅಂದ್ರ ಅವತ್ತು ನನಗ ಹಬ್ಬ." ನನ್ನ ವೇಳಾಪಟ್ಟಿ ಗೋಡೆಯ ಮೇಲಿತ್ತು, ಅವಳದು ಕಿವಿಯಲ್ಲಿತ್ತು.

ಸುರಪುರದ ಒಬ್ಬ ಜೀಪಿನ ಡ್ರೈವರ್ ಪ್ರತಿ ಅಮಾವಾಸ್ಯೆಗೂ ಅವಳನ್ನು ಕೆಣಕುತ್ತಿದ್ದ. "ಯಕ್ಕಾ, ಗೇಟ್ ನಿಮ್ಮಣ್ಣಂದು, ಸವತಿಕಾಯಿ ನಿಂದು. ರೈಲರ ನಿನ್ನ ಗಂಡಂದಾಗಿದ್ರ ನಾವೆಲ್ಲ ಇಲ್ಲೇ ಒಲಿ ಹೂಡಬೇಕಿತ್ತು."

"ಹೂಡಪ್ಪ. ಮನಿಗಿ ಹೋದ್ರ ನಿನ್ನ ಹೇಣ್ತಿ ಹಿಂಗ ಉಪ್ಪುಖಾರ ಹಚ್ಚಿ ಕೊಡ್ತಾಳೇನು?"

"ಖಾರ ಅಷ್ಟೇ ಹಚ್ತಾಳ, ಯಕ್ಕಾ."

ಅವಳ ಗಂಡ ಯಾದಗಿರಿಯ ಒಂದು ಬೇಳೆ ಮಿಲ್ಲಿನಲ್ಲಿ ಹಮಾಲನಾಗಿದ್ದ. ಒಂದು ದಿನ ಚೀಲದ ಕೆಳಗೆ ಬೆನ್ನು ಹೋಯಿತು. ಅಂದು ಮಲಗಿದವನು ಇಂದಿಗೂ ಹೊರಸಿನ ಮೇಲೇ ಇದ್ದಾನೆ. ಅವನು ಹೊರುತ್ತಿದ್ದ ಚೀಲಗಳನ್ನು ಈಗ ರಬ್ಬರಿನ ಪಟ್ಟಿ ಹೊರುತ್ತದೆಯಂತೆ. ಗಂಡ ಮಲಗಿದ ವಾರದಲ್ಲೇ ತಂಗಿ ಬುಟ್ಟಿ ಹಿಡಿದು ನನ್ನ ಗೇಟಿಗೆ ಬಂದಳು. ಆ ಮನೆಯಲ್ಲಿ ಒಲೆ ಹೊತ್ತುವುದು ಈ ಗೇಟು ಬಿದ್ದರೆ ಮಾತ್ರ. ಇದನ್ನು ನಾನು ದಿನಕ್ಕೆ ಹಲವು ಸಲ ಕೈಯಾರೆ ಹ್ಯಾಂಡಲ್ ತಿರುಗಿಸಿ ತಿಳಿದುಕೊಂಡಿದ್ದೆ.

ತಿಳಿದದ್ದರಿಂದಲೇ ಒಂದು ತಪ್ಪು ಮಾಡಿದೆ. ಬಹಳ ವರ್ಷದ ಹಿಂದಿನ ಮಾತು. ಅವಳ ಗಂಡನಿಗೆ ಜ್ವರ ಏರಿತ್ತು, ಔಷಧಿ ತರಬೇಕಿತ್ತು. ಅಂದು ಬುಟ್ಟಿ ಖಾಲಿಯಾಗಿರಲಿಲ್ಲ. ರೈಲು ಹೋಯಿತು, ಕೊನೆಯ ಡಬ್ಬಿಯ ಗುರುತು ನೋಡಿದೆ, ಆದರೆ ಗೇಟು ಎತ್ತಲಿಲ್ಲ. ಬೀಗ ಸಿಕ್ಕಿಕೊಂಡಂತೆ ನಟಿಸುತ್ತ ಮೂರು ನಿಮಿಷ ಹಾಗೇ ನಿಂತೆ. ತಂಗಿ ಸಾಲಿನ ತುದಿಯವರೆಗೆ ಓಡಿ ಬುಟ್ಟಿ ಖಾಲಿ ಮಾಡಿಕೊಂಡು ಬಂದಳು. ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ.

ಒಂದು ತಾಸಿನ ಮೇಲೆ ಒಂದು ಮೋಟಾರು ಬೈಕು ಸ್ಟೇಷನ್ ಕಡೆಯಿಂದ ವಾಪಸು ಬಂದು ಬೇವಿನ ಕೆಳಗೆ ನಿಂತಿತು. ಗಂಡಹೆಂಡತಿ. ಹೆಂಡತಿಯ ಕುತ್ತಿಗೆಗೆ ಪಟ್ಟಿ ಕಟ್ಟಿತ್ತು. ಸೊಲ್ಲಾಪುರದ ದವಾಖಾನೆಗೆ ಹೋಗುವವರು, ಗೇಟಿನಲ್ಲಿ ಸಿಕ್ಕು ರೈಲು ತಪ್ಪಿಸಿಕೊಂಡಿದ್ದರು. "ಪ್ಲಾಟ್‌ಫಾರಮ್ ಮ್ಯಾಲ ಕಾಲಿಡೂದಕ್ಕ ರೈಲು ಬಿಡ್ತು, ಎರಡು ನಿಮಿಷ ಮೊದಲ ಹೋಗಿದ್ರ ಸಿಗ್ತಿತ್ತು" ಎಂದು ಗಂಡ ನನಗೇ ಹೇಳಿದ. ಇಬ್ಬರೂ ನೆರಳಲ್ಲಿ ಕುಳಿತು ನನ್ನ ತಂಗಿಯ ಹತ್ತಿರ ಎರಡು ಸವತಿಕಾಯಿ ತೆಗೆದುಕೊಂಡರು. ಆ ಹೆಂಗಸಿಗೆ ಅಗಿಯಲು ಆಗುತ್ತಿರಲಿಲ್ಲ. ಗಂಡ ಸಣ್ಣ ಚೂರು ಮಾಡಿ ಬಾಯಿಗಿಡುತ್ತಿದ್ದ.

ಅಂದಿನಿಂದ ಒಂದು ನಿಮಿಷವನ್ನೂ ನಾನು ಹೆಚ್ಚಿಗೆ ಹಿಡಿದಿಲ್ಲ. ಸಾಲಿನಲ್ಲಿ ನಿಂತ ಪ್ರತಿಯೊಬ್ಬನ ಜೇಬಿನಿಂದಲೂ ಮೂರು ಮೂರು ನಿಮಿಷ ತೆಗೆದು ನನ್ನ ತಂಗಿಯ ಬುಟ್ಟಿಗೆ ಹಾಕಿದ್ದೆ. ಕೇಳದೆ ತೆಗೆದದ್ದು. ಯಾರ ಮೂರು ನಿಮಿಷ ಎಷ್ಟು ತೂಗುತ್ತದೆ ಎಂದು ನೋಡುವ ತಕ್ಕಡಿ ಗೇಟಿನ ಪಕ್ಕದ ನನ್ನ ಪುಟ್ಟ ಗುಮಟಿಯಲ್ಲಿ ಇರಲಿಲ್ಲ.

ಕಾಲ ಬದಲಾಯಿತು. ಹಳಿ ಜೋಡಿಯಾಯಿತು, ಮೇಲೆ ವಿದ್ಯುತ್ ತಂತಿ ಬಂತು, ರೈಲುಗಳು ಹೆಚ್ಚಾದವು. ರೈಲು ಹೆಚ್ಚಾದಷ್ಟೂ ಗೇಟು ಹೆಚ್ಚು ಸಲ ಬಿತ್ತು, ತಂಗಿಯ ವ್ಯಾಪಾರ ಬೆಳೆಯಿತು. ಸ್ವಲ್ಪ ವರ್ಷಕ್ಕೆ ನಿಂತವರ ಕೈಗೆ ಫೋನು ಬಂತು. ಮೊದಲು ಗಾಡಿ ನಿಂತ ಕೂಡಲೇ ಜನ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಿದ್ದರು. ಈಗ ತಲೆ ತಗ್ಗಿಸಿದರು. ಗಾಜು ಏರಿಸಿ ತಂಪು ಗಾಳಿ ಹಾಕಿಕೊಂಡರು. ತಂಗಿ ಸೋಲಲಿಲ್ಲ. ಸವತಿಕಾಯಿಯಿಂದಲೇ ಗಾಜನ್ನು ಟಕ್ ಟಕ್ ಎಂದು ಬಡಿಯುವುದನ್ನು ಕಲಿತಳು. ಚಿಲ್ಲರೆ ಇಲ್ಲ ಎನ್ನುವವರಿಗಾಗಿ ಸ್ಕ್ಯಾನ್ ಮಾಡುವ ಹಾಳೆಯನ್ನು ಬುಟ್ಟಿಗೆ ಕಟ್ಟಿದಳು. ಹೊಸದೆಂದು ಅವಳು ಯಾವುದಕ್ಕೂ ಹೆದರಿದವಳಲ್ಲ. ಇದನ್ನು ಬರೆದಿಡಬೇಕು. ಹೊಸ ಯಂತ್ರ ಬಂದಾಗ ಮುಳುಗುವವರು ಕಲಿಯದವರು ಮಾತ್ರ ಎಂದು ಹೇಳುವವರಿದ್ದಾರೆ. ಅವಳು ಕಲಿತಿದ್ದಳು.

ಆಮೇಲೆ ಇಬ್ಬರು ಬಂದರು, ಕೈಯಲ್ಲಿ ಹಾಳೆ ಹಿಡಿದು. ಮೂರು ದಿನ ಗುಮಟಿಯ ಪಕ್ಕ ಕುರ್ಚಿ ಹಾಕಿಕೊಂಡು ಗಾಡಿ ಎಣಿಸಿದರು. ತಂಗಿಗೆ ಬಹಳ ಸಂತೋಷವಾಯಿತು. ಸುರಪುರದ ಸಂತೆ ಕಟ್ಟೆಯಲ್ಲಿ ಹೀಗೇ ಎಣಿಸಿ ಹೋದ ಮೇಲೆ ತಗಡಿನ ಶೆಡ್ ಹಾಕಿದ್ದನ್ನು ಅವಳು ನೋಡಿದ್ದಳು. ಇಲ್ಲಿಯೂ ಹಾಕುತ್ತಾರೆ, ಮಂದಿ ಎಷ್ಟು ಹೆಚ್ಚು ನಿಲ್ಲುತ್ತಾರೆಂದು ಬರೆಸಿದರೆ ಶೆಡ್ ಅಷ್ಟು ದೊಡ್ಡದಾಗುತ್ತದೆ ಎಂದುಕೊಂಡಳು.

ಎಣಿಸುವವರಲ್ಲಿ ಒಬ್ಬ ಅವಳನ್ನೇ ಕೇಳಿದ. "ಅಕ್ಕಾ, ಮಂದಿ ಎಷ್ಟೊತ್ತು ನಿಲ್ತಾರ?"

"ಅರ್ಧ ತಾಸು ನಿಲ್ತಾರ್ರಿ. ಒಮ್ಮೊಮ್ಮಿ ಮುಕ್ಕಾಲು ತಾಸು. ಗಾಡಿ ಇಳದು ಗಿಡದ ಕೆಳಗ ಒಂದ್ ನಿದ್ದಿ ಮಾಡಿ ಏಳ್ತಾರ."

"ಅಷ್ಟು ಆಗ್ತದ?"

"ಸುಳ್ಳು ಯಾಕ ಹೇಳ್ಲಿರಿ? ನಮ್ಮಣ್ಣನ್ನ ಕೇಳ್ರಿ ಬೇಕಾದ್ರ."

ಅವನು ನನ್ನತ್ತ ನೋಡಿದ. ಆದರೆ ಕೇಳಲಿಲ್ಲ. ನನ್ನ ಡೈರಿಯಲ್ಲಿ ಗೇಟು ಬಿದ್ದ ಹೊತ್ತು, ಎದ್ದ ಹೊತ್ತು ನಿಮಿಷಕ್ಕೆ ನಿಮಿಷ ಬರೆದಿತ್ತು. ಕಾಲು ತಾಸು ದಾಟಿದ ದಿನಗಳು ಬೆರಳ ಮೇಲೆ ಎಣಿಸುವಷ್ಟು. ಕೇಳದಿದ್ದರೆ ಹೇಳಬಾರದೆಂಬ ಶಿಸ್ತಿನಲ್ಲಿ ಬೆಳೆದವನು ನಾನು. ಸುಮ್ಮನಿದ್ದೆ. ಅವನು ಅರ್ಧ ತಾಸು ಎಂದು ಬರೆದುಕೊಂಡದ್ದನ್ನು ಕಣ್ಣಾರೆ ನೋಡಿದೆ.

ಮಳೆಗಾಲ ಮುಗಿದ ಮೇಲೆ ಮಣ್ಣು ಅಗೆಯುವ ಯಂತ್ರಗಳು ಬಂದವು. ಶೆಡ್ಡಿಗೆ ಇಷ್ಟು ಆಳ ಯಾಕೆ ಎಂದು ತಂಗಿ ಎರಡು ದಿನ ಕೇಳಿದಳು. ಮೂರನೆಯ ದಿನ ಕೇಳಲಿಲ್ಲ. ಅವಳ ಒಂದು ಮಾತಿನಿಂದ ಸೇತುವೆ ಆಗುವುದಿಲ್ಲ. ರೈಲೂ ಹೆಚ್ಚು, ಗಾಡಿಯೂ ಹೆಚ್ಚು ಎಂದಾದ ಮೇಲೆ ಅದು ಆಗಲೇಬೇಕಿತ್ತು. ಅವಳನ್ನು ಬೆಳೆಸಿದ್ದೂ ಆ ಹೆಚ್ಚಳವೇ, ಕಿತ್ತದ್ದೂ ಅದೇ. ನಾನು ಹೇಳಿದೆ. ಅವಳಿಗೆ ಅದು ಹಿಡಿಸಲಿಲ್ಲ. "ನನ್ನ ಬಾಯೇ ನನ್ನ ತುತ್ತು ತಿಂತು" ಎನ್ನುತ್ತಿದ್ದಳು.

ಈಗ ಆ ಅಮಾವಾಸ್ಯೆಗೆ ಬರುತ್ತೇನೆ.

ಏಳರಿಂದ ಒಂಬತ್ತರವರೆಗೆ ಮೂರು ಸಲ ಗೇಟು ಬಿತ್ತು. ಸಾಲು ಚೆನ್ನಾಗಿ ನಿಂತಿತು. ಚೀಲದ ಬಾಯಿ ಸಡಿಲಾಯಿತು. ರಾಮಸಮುದ್ರದ ತೋಟದ ಎಳೆಕಾಯಿ, ಮಂದಿ ಕೇಳಿ ಕೇಳಿ ತೆಗೆದುಕೊಂಡರು. ಸುರಪುರದ ಡ್ರೈವರ್ ಬಂದ. "ಯಕ್ಕಾ, ನಾಳಿಂದ ನಿನ್ನ ಮುಖ ನೋಡಾಕ ರೈಲಿನ ಕೆಳಗ ಹಾಯಬೇಕಂತಲ್ಲ" ಎಂದ. ತಂಗಿ ನಕ್ಕಳು. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಒಂಬತ್ತೂ ಹತ್ತಕ್ಕೆ ಸಾಹೇಬರ ಜೀಪು ಬಂತು. ಅಮಾವಾಸ್ಯೆಯ ಸಂದಣಿ ಹೆಚ್ಚಾಗಿದೆ, ಸಂಜೆಯವರೆಗೆ ಕಾಯುವುದು ಬೇಡ, ಸೇತುವೆ ಈಗಲೇ ತೆರೆಯೋಣ ಎಂದರು. ಒಳ್ಳೆಯ ತೀರ್ಮಾನವೇ. ಮಂದಿಗೆ ಅನುಕೂಲ. ಒಂದು ತೆಂಗಿನಕಾಯಿ ಒಡೆದರು, ಅಡ್ಡ ಕಟ್ಟಿದ ಹಗ್ಗ ಬಿಚ್ಚಿದರು. ಸಾಲಿನ ಹಿಂದಿನ ಗಾಡಿ ಮೊದಲು ತಿರುಗಿತು. ಅದನ್ನು ನೋಡಿ ಅದರ ಮುಂದಿನದು. ಹತ್ತು ನಿಮಿಷದಲ್ಲಿ ನನ್ನ ಗೇಟಿನ ಮುಂದೆ ಸಗಣಿ, ಸವತಿಕಾಯಿಯ ತುದಿಗಳು, ಎಣ್ಣೆಯ ಕಲೆ ಇಷ್ಟೇ ಉಳಿದವು.

ಒಂಬತ್ತೂ ನಲವತ್ತಕ್ಕೆ ಫೋನು ಬಂತು. ಗೇಟು ಇಳಿಸಿದೆ, ಬೀಗ ಹಾಕಿದೆ, ನಂಬರು ಕೊಟ್ಟೆ. ಆಚೆಯೂ ಯಾರಿಲ್ಲ, ಈಚೆಯೂ ಯಾರಿಲ್ಲ. ತಂಗಿ ರೂಢಿಯಂತೆ ಬುಟ್ಟಿ ಸೊಂಟಕ್ಕಿಟ್ಟು ಎದ್ದು, ಬಿದ್ದ ಗೇಟಿನ ಮುಂದೆ ಬಂದು ನಿಂತಳು. ಕೆಳಗಿನಿಂದ ಹಾರನ್ನು, ಭಜನೆಯ ತಾಳ, ಮಕ್ಕಳ ಕೂಗು ಕೇಳುತ್ತಿತ್ತು. ಮಂದಿ ಹೋಗುತ್ತಲೇ ಇದ್ದರು, ನಿಲ್ಲುತ್ತಿರಲಿಲ್ಲ.

ಹನ್ನೊಂದರವರೆಗೆ ಹೀಗೆ ಮತ್ತೆರಡು ಸಲ ಆಯಿತು.

"ಅಣ್ಣ, ನೀ ಈಗ ಅರ್ಧ ತಾಸು ಗೇಟ್ ಹಾಕ್ಕೊಂಡು ನಿಂತ್ರೂ ಯಾರಿಗೂ ಏನೂ ಆಗಂಗಿಲ್ಲ, ಅಲ್ಲ?"

"ಆಗಂಗಿಲ್ಲವ್ವ."

ಅಂದು ನಾನು ಶಿಸ್ತು ಮುರಿಯಲು ಸಿದ್ಧನಿದ್ದೆ. ಅದನ್ನು ಮುಚ್ಚಿಡುವುದಿಲ್ಲ. ಮುರಿದರೂ ಅವಳಿಗೆ ಒಂದು ಕಾಯಿ ಮಾರಿಕೊಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಇಷ್ಟು ವರ್ಷ ಹ್ಯಾಂಡಲಿನಲ್ಲಿದೆ ಎಂದುಕೊಂಡ ಬಲ, ಬೇರೆ ದಾರಿ ಇಲ್ಲದ್ದರಿಂದ ಬಂದದ್ದು. ಇನ್ನೊಂದು ದಾರಿ ತೆರೆದ ಕೂಡಲೇ ಅದು ಬರೀ ಕಬ್ಬಿಣವಾಯಿತು.

ಬಿಸಿಲು ನೆತ್ತಿಗೆ ಬಂತು. ಹಸಿ ಗೋಣಿ ಹೊದಿಸಿದರೂ ಕಾಯಿ ಬಾಡತೊಡಗಿದವು. ಬುಟ್ಟಿ ತುಂಬಿಕೊಂಡು ತಂಗಿ ಸೇತುವೆಯ ಇಳಿಜಾರಿಗೆ ಹೋದಳು. ಅಲ್ಲಿ ನಿಲ್ಲಲು ಅಂಚಿಲ್ಲ. ಎರಡು ಕಡೆ ಗೋಡೆ, ನಡುವೆ ರಸ್ತೆ. ಇಳಿಯುವ ಗಾಡಿಗೆ ವೇಗ ಇರುತ್ತದೆ. ಅವಳು ಗೋಡೆಗೆ ಬೆನ್ನು ಹಚ್ಚಿ, ಕೈಯಲ್ಲಿ ಎರಡು ಕಾಯಿ ಮುಂದೆ ಚಾಚಿ ನಿಂತದ್ದು ನನ್ನ ಗುಮಟಿಯಿಂದ ಕಾಣುತ್ತಿತ್ತು.

ಅದೇ ಹೊತ್ತಿಗೆ ಫೋನು ಬಂತು. ಗೇಟು ಇಳಿಸಿ ನಂಬರು ಕೊಟ್ಟೆ. ಬಾವುಟ ಹಿಡಿದು ಹಳಿಯ ಕಡೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಒಂದು ಗಾಡಿ ಕೆಟ್ಟದಾಗಿ ಹಾರನ್ ಹೊಡೆಯಿತು. ಟೈರು ಉಜ್ಜಿದ ಸದ್ದು. ಯಾರೋ ಬೈದರು. ರೈಲಿನ ಮುಖ ತಿರುವಿನಲ್ಲಿ ಕಂಡಿತ್ತು. ಬಾವುಟ ಹಿಡಿದವನು ತಿರುಗಬಾರದು. ತಿರುಗಲಿಲ್ಲ. ಗೂಡ್ಸ್ ಗಾಡಿ. ಅದರ ಡಬ್ಬಿಗಳು ಒಂದೊಂದಾಗಿ ಮುಗಿಯುವವರೆಗೆ ಕೈ ಎತ್ತಿ ನಿಂತೆ. ನನ್ನ ನೌಕರಿಯಲ್ಲಿ ಅಷ್ಟು ಉದ್ದದ ರೈಲನ್ನು ಬೇರೆ ಯಾವತ್ತೂ ನೋಡಿಲ್ಲ. ಗೂಡ್ಸ್ ಇದ್ದರೆ ಸೀಳಿ ಉಪ್ಪುಖಾರ ಹಚ್ಚಿ ಕೊಡುತ್ತೇನೆ ಎಂಬ ಅವಳ ಮಾತು ತಲೆಯಲ್ಲಿ ತಿರುಗುತ್ತಿತ್ತು.

ಕೊನೆಯ ಡಬ್ಬಿಯ ಗುರುತು ನೋಡಿದೆ. ಡೈರಿಯಲ್ಲಿ ಹೊತ್ತು ಬರೆದೆ. ಗೇಟು ಎತ್ತಿದೆ. ಆಮೇಲೆ ಓಡಿದೆ.

ತಂಗಿ ಗೋಡೆಗೆ ಒರಗಿ ಕುಳಿತಿದ್ದಳು. ಮೊಣಕಾಲು ತರಚಿತ್ತು. ಗಾಡಿ ತಾಗಿರಲಿಲ್ಲ, ಹಿಂದೆ ಸರಿಯಲು ಹೋಗಿ ಬಿದ್ದಿದ್ದಳು. ಬುಟ್ಟಿ ಉರುಳಿ ಕಾಯಿಗಳೆಲ್ಲ ಇಳಿಜಾರಿನಲ್ಲಿ ಕೆಳಗೆ ಹೋಗಿದ್ದವು. ಒಂದೊಂದು ಗಾಡಿ ಹಾದಾಗಲೂ ಚಟ್ ಚಟ್ ಎಂದು ಒಡೆಯುತ್ತಿದ್ದವು. ಹೊಸ ಸೇತುವೆಯ ತುಂಬ ಎಳೆ ಸವತಿಕಾಯಿಯ ವಾಸನೆ. ಕಾವಲಿನವನು ಸೀಟಿ ಊದುತ್ತ ಬಂದ. "ಅವ್ವಾ, ಇಲ್ಲಿ ನಿಂದರಂಗಿಲ್ಲ. ನಾಳೆ ಏನರ ಆದ್ರ ನನ್ನ ಕೊಳ್ಳಿಗಿ ಬರ್ತದ." ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಗುಮಟಿಗೆ ಕರೆತಂದು ನೀರು ಕೊಟ್ಟೆ. ಕಾಲಿಗೆ ಅರಿಶಿಣ ಹಚ್ಚಿಕೊಂಡಳು.

"ನಾಳಿಗಿ ಏನ್ ಮಾಡ್ಲಿ ಅಣ್ಣ?"

"ಬಸ್ ಸ್ಟ್ಯಾಂಡಿಗಿ ಹೋಗಿ ನೋಡು."

"ಅಲ್ಲಿ ಕುಂತೋರು ಜಾಗ ಬಿಡ್ತಾರೇನು? ಬಿಟ್ರೂ ಅಲ್ಲಿ ಮಂದಿ ಬಸ್ಸಿಗಿ ಓಡ್ತಿರ್ತಾರ. ನಿಂತೋರಿಗಿ ಮಾರೋದು ನನಗ ಬರ್ತದ. ಓಡೋರಿಗಿ ಮಾರೋದು ಬರಂಗಿಲ್ಲ."

"ಕಲೀತಿ."

"ಎಷ್ಟ್ ಸಲ ಕಲೀಲಿ?"

ನನಗೆ ಸಂಬಳ ಇತ್ತು, ಇನ್ನೊಂದು ಗೇಟಿಗೆ ಬದಲಿ ಆಗಿತ್ತು. ಆ ಗೇಟು ದೂರ, ಅಲ್ಲಿ ನಿಲ್ಲುವ ಸಾಲಿಗೆ ಆಗಲೇ ಬೇರೆ ಹೆಂಗಸರಿದ್ದರು. ಸೇತುವೆಯಿಂದ ಆ ದಿನ ಎಷ್ಟೋ ಸಾವಿರ ನಿಮಿಷ ಉಳಿದಿರಬೇಕು. ದವಾಖಾನೆಗೆ ಹೋಗುವವರು ರೈಲು ಹಿಡಿದಿರಬೇಕು. ಉಳಿದ ಆ ನಿಮಿಷಗಳು ಎಲ್ಲರ ಮನೆಗೆ ಸ್ವಲ್ಪ ಸ್ವಲ್ಪ ಹೋದವು. ಅವುಗಳ ಬೆಲೆಯನ್ನು ಒಂದೇ ಮನೆ ಕೊಟ್ಟಿತು. ಬೈಕಿನ ಮೇಲಿನ ಗಂಡಹೆಂಡತಿ ನೆನಪಾದರು. ಅಂದು ನಾನು ಮಾಡಿದ್ದರ ತಿರುವುಮುರುವು ಇದು. ಯಾವುದನ್ನೂ ತಪ್ಪೆನ್ನಲಾರದೆ ಸಂಜೆಯವರೆಗೆ ನಾನು ಖಾಲಿ ರಸ್ತೆಗೆ ಗೇಟು ಹಾಕುತ್ತ, ತೆಗೆಯುತ್ತ ಇದ್ದೆ.

ಐದೂ ನಲವತ್ತಕ್ಕೆ ಸಾಹೇಬರು ಬಂದರು. ಕೆಂಪು ಬಾವುಟ, ಹಸಿರು ಬಾವುಟ, ಲಾಟೀನು, ಫೋನು ಎಲ್ಲ ಎಣಿಸಿ ಕೊಟ್ಟೆ. ಅವರು ಎಣಿಸಿ ತೆಗೆದುಕೊಂಡರು. ಉಳಿದದ್ದು ಗೇಟಿನ ಬೀಗ ಮತ್ತು ಡೈರಿ.

"ಯಜಮಾನ್ರ, ಇನ್ನ ಹಾಕಿ ಬಿಡ್ರಿ" ಎಂದರು.

ತಂಗಿಯ ಊರು ಹಳಿಯ ಆಚೆ. ಬೇವಿನ ಮರ ಈಚೆ. "ಒಂದ್ ಮಿನಿಟ್ ಕೊಡ್ರಿ ಸಾಹೇಬ್ರ" ಎಂದೆ. ಉಳಿದ ಒಂದು ಚೀಲವನ್ನು ಅವಳು ಒಂದು ಕಡೆ, ನಾನು ಒಂದು ಕಡೆ ಹಿಡಿದೆವು. ಬೆಳಿಗ್ಗೆ ಬಿಗಿಯಾಗಿದ್ದ ಚೀಲ ಈಗ ಮೆತ್ತಗಾಗಿ ನಡುವೆ ಜೋಲುತ್ತಿತ್ತು. ನಾಲ್ಕು ಹಳಿ ದಾಟಿದೆವು. ಆಚೆ ಇಳಿಸಿದೆವು.

ಅವಳು ನನ್ನ ಮುಖ ನೋಡದೆ ಹೇಳಿದಳು. "ಅವತ್ತು ನೀ ಮೂರು ನಿಮಿಷ ಹಿಡದಿದ್ದಿ. ನನಗ ಗೊತ್ತದ. ಆ ಗಂಡಹೇಣ್ತೀನೂ ನಾ ನೋಡೀನಿ. ಹೇಳಿದ್ರ ನೀ ಸಣ್ಣಾವ ಆಗ್ತಿ ಅಂತ ಹೇಳ್ಲಿಲ್ಲ."

"ಇದನ್ನ ಹ್ಯಾಂಗ ಮನಿಗಿ ಒಯ್ತಿ?" ಎಂದು ಚೀಲ ತೋರಿಸಿದೆ.

"ಒಯ್ಯಂಗಿಲ್ಲ. ಇಲ್ಲೇ ಸುರೀತೀನಿ. ದನಾನರ ನಿಂತು ತಿಂತಾವ."

ಈಚೆ ಬಂದೆ. ಗೇಟು ಇಳಿಸಿದೆ. ಕೊಂಡಿ ಸೇರಿಸಿ ಬೀಗ ಹಾಕಿದೆ. ಆಚೆ ಅವಳು ಚೀಲದ ಬಾಯಿ ಬಿಚ್ಚುತ್ತಿದ್ದಳು. ಬೀಗವನ್ನು ರೂಢಿಯಂತೆ ಮೂರು ಸಲ ಎಳೆದು ನೋಡಿದೆ. ಬಿಚ್ಚಿಕೊಳ್ಳಲಿಲ್ಲ. ಬೀಗದ ಕೈ ಸಾಹೇಬರ ಕೈಗೆ ಕೊಟ್ಟೆ. ಡೈರಿ ತೆರೆದು, ಗೇಟು ಬಿದ್ದ ಹೊತ್ತು ಎಂಬ ಕಡೆ ಹದಿನೆಂಟು ಗಂಟೆ ಎಂದು ಬರೆದೆ. ಎದ್ದ ಹೊತ್ತು ಎಂಬ ಕಡೆ ಗೆರೆ ಎಳೆದು, ಕೆಳಗೆ ಸಹಿ ಮಾಡಿದೆ.